ಉದುರಿದ ಮೊಗ್ಗಿನ ಲೆಕ್ಕ

10 ಮಾರ್ಚ್ 2024, ಭಾನುವಾರ

ಬೆಳಿಗ್ಗೆ ಪೇಪರ್ ಎತ್ತಿಕೊಳ್ಳಲು ಹೋದರೆ ಗೇಟಿನೊಳಗೆ, ಮೆಟ್ಟಿಲ ಮೇಲೆ, ಸ್ಕೂಟರಿನ ಸೀಟಿನ ಮೇಲೆಲ್ಲ ಮಲ್ಲಿಗೆಯ ಹಸಿರು ಮೊಗ್ಗು. ಅರಳಿ ಬಾಡಿ ಬಿದ್ದದ್ದಲ್ಲ, ಇನ್ನೂ ಬಿಳುಪೇ ಏರದ ಎಳೆಯವು. ಕುಕ್ಕರುಗಾಲಲ್ಲಿ ಕೂತು ಆರಿಸಿ ಎಣಿಸಿದೆ. 43. ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನಿಗೆ ಚೆಲ್ಲಿದ್ದನ್ನು ಎಣಿಸದೆ ಬಿಡಲು ಆಗುವುದಿಲ್ಲ. ಇವಳು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು, "ರೀ, ಬಿದ್ದ ಮೊಗ್ಗಿಗೂ ಪಾಸ್‌ಬುಕ್ ಮಾಡ್ತೀರಾ?" ಅಂದಳು. ಮಾಡಿದರೇನು? ಉಡುಪಿಯಲ್ಲಿ ಮೂರು ವರ್ಷ ಇದ್ದಾಗ ನೋಡಿದ್ದೇನಲ್ಲ, ಅಲ್ಲಿ ಶಂಕರಪುರ ಮಲ್ಲಿಗೆ ಎಣಿಕೆಯ ಮೇಲೇ ಮಾರಾಟವಾಗುವುದು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮೊಳ ಹಾಕುವಾಗ ಮೊಣಕೈ ಮಡಚಿ ಎರಡಿಂಚು ನುಂಗುವ ನಮ್ಮ ಬೆಂಗಳೂರಿಗಿಂತ ಅದು ಎಷ್ಟೋ ವಾಸಿ.

ಈ ಅಂಬು ಇವಳ ತವರಿನದು. ಚನ್ನಪಟ್ಟಣದಿಂದ ಒದ್ದೆ ಗೋಣಿಯಲ್ಲಿ ಸುತ್ತಿ ತಂದದ್ದು. ಮಳೆನೀರಿನ ಪೈಪು ಹಿಡಿದು ಮೊದಲ ಮಹಡಿಯ ಸಜ್ಜದ ತನಕ ಹತ್ತಿದೆ. ದುಂಡುಮಲ್ಲಿಗೆ ಹೊಸ ಚಿಗುರಿನ ತುದಿಯಲ್ಲಷ್ಟೇ ಮೊಗ್ಗು ಕಟ್ಟುತ್ತದೆ. ಹಾಗಾಗಿ ಕಾರ್ತಿಕ ಕಳೆದ ಮೇಲೆ ಎಲೆ ಸವರಿ, ಕಡ್ಡಿ ಕತ್ತರಿಸಿ ಬಿಟ್ಟಿದ್ದೆವು. ಚಿಗುರೇನೋ ಚೆನ್ನಾಗಿಯೇ ಬಂತು. ಒಂದೊಂದು ತುದಿಯಲ್ಲೂ ಮೂರು ಮೂರು ಮೊಗ್ಗು, ನಡುವಿನದು ದಪ್ಪ, ಅಕ್ಕಪಕ್ಕದವು ಸಣ್ಣ. ಈಗ ಮೂರರಲ್ಲಿ ಎರಡು ನೆಲದಲ್ಲಿ.

ಪಕ್ಕದ ಮನೆ ಅಜ್ಜಿ ಕಾಂಪೌಂಡಿನ ಆಚೆಯಿಂದಲೇ ತೀರ್ಪು ಕೊಟ್ಟರು: "ಮುಟ್ಟಾದೋರು ಯಾರೋ ಗಿಡ ಮುಟ್ಟಿದಾರೆ ಕಣಮ್ಮ." ಇವಳು ಒಳಗಿನಿಂದಲೇ, "ಈ ಮನೇಲಿ ಅದೆಲ್ಲ ನಿಂತು ಹದಿನೈದು ವರ್ಷ ಆಯ್ತು ಅಜ್ಜಿ" ಅಂದಳು. ಆ ಪ್ರಕರಣ ಅಲ್ಲಿಗೆ ಮುಗಿಯಿತು.

17 ಮಾರ್ಚ್, ಭಾನುವಾರ

ನೀರಿನದೇ ತಾಪತ್ರಯ. ನಮ್ಮ ಬೋರ್‌ವೆಲ್ ಜನವರಿಯಲ್ಲೇ ಕೆಮ್ಮಲು ಶುರುಮಾಡಿತ್ತು. ಈಗ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶವೇ ಆಗಿದೆ. ತಪ್ಪೇನಿಲ್ಲ, ಊರಿಗೆ ಊರೇ ಕೊಡ ಹಿಡಿದು ನಿಂತಿದೆ. ಹಾಗಾಗಿ ಬಟ್ಟೆ ಒಗೆಯುವ ಮೆಷಿನ್ನಿನ ಕೊನೆಯ ಜಾಲಿಸಿದ ನೀರನ್ನೂ, ಅಕ್ಕಿ ತೊಳೆದದ್ದನ್ನೂ ನೀಲಿ ಡ್ರಮ್ಮಿನಲ್ಲಿ ಕೂಡಿಟ್ಟು, ನಾಲ್ಕೈದು ದಿನಕ್ಕೊಮ್ಮೆ ಎರಡು ಬಕೆಟ್ ಧಾರಾಳವಾಗಿ ಸುರಿಯುತ್ತಿದ್ದೇನೆ.

ನನ್ನ ಪುಸ್ತಕದಲ್ಲಿ ಒಂದು ವಿಚಿತ್ರ ಕಾಣುತ್ತಿದೆ. ನೀರಿಲ್ಲದೆ ಎಲೆ ಜೋತುಬಿದ್ದ ದಿನ ಉದುರಿದ್ದು 18, 20. ನೀರು ಹಾಕಿದ ಮರುದಿನ, ಅದರ ಮರುದಿನ 61, 54. ಎರಡು ಸಲವೂ ಹಾಗೇ. ದಾಹ ತೀರಿದ ಮೇಲೆ ಉದುರುವುದು ಎಂದರೇನು? ಉಪವಾಸದಲ್ಲಿ ಗಟ್ಟಿಯಾಗಿದ್ದವನು ಪಾರಣೆಯ ದಿನ ಮಲಗಿದ ಹಾಗಾಯಿತು.

ಇವಳ ಅಣ್ಣನ ಮಗ ಜಿಕೆವಿಕೆಯಲ್ಲಿ ಕೃಷಿ ಓದಿದವನು. ಫೋನ್ ಮಾಡಿದೆ. "ಮಾವ, ಮೊಗ್ಗು ತಾನಾಗಿ ಬೀಳಲ್ಲ, ಗಿಡವೇ ಕತ್ತರಿಸಿ ಹಾಕುತ್ತೆ" ಅಂತ ಶುರುಮಾಡಿದ. ತೊಟ್ಟಿನ ಬುಡದಲ್ಲಿ ಕೆಲವೇ ಸಾಲು ಸಣ್ಣ ಕೋಶಗಳ ಪದರವೊಂದು ಮೊದಲಿನಿಂದಲೇ ಇರುತ್ತದಂತೆ. ಮೊಗ್ಗು ಚೆನ್ನಾಗಿ ಬೆಳೆಯುತ್ತಿರುವಷ್ಟು ಕಾಲ ಅದರಿಂದ ಆಕ್ಸಿನ್ ಎಂಬ ಚೋದಕ ತೊಟ್ಟಿನೊಳಗೆ ಇಳಿಯುತ್ತಲೇ ಇರುತ್ತದೆ. ಅದು ಇಳಿಯುತ್ತಿರುವ ತನಕ ಆ ಪದರ ಸುಮ್ಮನಿರುತ್ತದೆ. ಇಳಿಯುವುದು ಕಡಿಮೆಯಾಯಿತೋ, ಪದರ ಎಥಿಲೀನ್ ಅನಿಲದ ಮಾತು ಕೇಳಲು ಶುರುಮಾಡುತ್ತದೆ. ಆಮೇಲೆ ಕೋಶಗಳ ನಡುವಿನ ಪೆಕ್ಟಿನ್ ಅಂಟನ್ನು ಕರಗಿಸುವ ಕಿಣ್ವಗಳು ಹುಟ್ಟುತ್ತವೆ. ಸಣ್ಣ ಗಾಳಿ ಸಾಕು, ಕೆಳಗೆ.

ನನಗೆ ತಕ್ಷಣ ಅರ್ಥವಾದದ್ದು ಆರ್‌ಡಿ ಖಾತೆ. ತಿಂಗಳು ತಿಂಗಳು ಕಂತು ಬರುತ್ತಿರುವ ತನಕ ಯಾರೂ ತಂಟೆ ಮಾಡುವುದಿಲ್ಲ. ಕಂತು ತಪ್ಪಿತೋ, ಖಾತೆ ಮುಚ್ಚುವ ಫಾರಂ ಮೇಲೆ ಬರುತ್ತದೆ.

ನೀರು ಹಾಕಿದ ಮೇಲೇ ಯಾಕೆ ಎಂದು ಕೇಳಿದೆ. ಬೇರು ಒಣಗಿದಾಗ ಎಥಿಲೀನಿನ ಕಚ್ಚಾ ಸಾಮಾನು ಬೇರಿನಲ್ಲೇ ಕೂಡಿಕೊಳ್ಳುತ್ತದಂತೆ. ನೀರು ಬಿದ್ದೊಡನೆ ಹರಿವು ಮತ್ತೆ ಶುರುವಾಗಿ ಆ ಸಾಮಾನೆಲ್ಲ ಒಮ್ಮೆಗೇ ಮೇಲಕ್ಕೆ ಸಾಗುತ್ತದೆ, ಅಲ್ಲಿ ಎಥಿಲೀನ್ ಆಗುತ್ತದೆ. ಕಿತ್ತಳೆ ಜಾತಿಯ ಗಿಡಗಳಲ್ಲಿ ಎಲೆ ಉದುರುವುದು ಹೀಗೇ ಅಂತ ತೋರಿಸಿದ್ದಾರಂತೆ. "ಮಲ್ಲಿಗೆಗೂ ಇದೇ ಅಂತ ಬರೆದು ಕೊಡಕ್ಕಾಗಲ್ಲ ಮಾವ, ಆದರೆ ನಿಮ್ಮ ಲೆಕ್ಕ ನೋಡಿದರೆ ಹಾಗೇ ಕಾಣುತ್ತೆ" ಅಂದ. ನನ್ನ ಲೆಕ್ಕಕ್ಕೂ ಒಬ್ಬ ಬೆಲೆ ಕೊಟ್ಟನಲ್ಲ.

ನಾಳೆಯಿಂದ ದಿನಕ್ಕೆ ಮೂರು ಚೊಂಬು, ಸಂಜೆ ಹೊತ್ತು. ಬಕೆಟ್ ಬೇಡ. ಬುಡಕ್ಕೆ ತೆಂಗಿನ ನಾರು.

ಉದುರಿದ ಮೊಗ್ಗನ್ನೆಲ್ಲ ಗುಡಿಸಿ ಬುಡಕ್ಕೇ ಹಾಕುತ್ತಿದ್ದೇನೆ. ಗಿಡದ ಸ್ವತ್ತು ಗಿಡಕ್ಕೇ ಜಮಾ.

26 ಮಾರ್ಚ್, ಮಂಗಳವಾರ

ಸರಾಸರಿ 15ಕ್ಕೆ ಇಳಿದಿದೆ. ಚೊಂಬಿನ ಪದ್ಧತಿ ಗೆದ್ದಿತು. ನಿನ್ನೆ ಇವಳು ಮೊದಲ ಸಲ ಈ ವರ್ಷದ ಮೊಗ್ಗು ಬಿಡಿಸಿ ಒಂದು ಗೇಣು ಕಟ್ಟಿ ದೇವರಿಗೆ ಹಾಕಿದಳು. ಇವತ್ತಿಗೆ ಒಟ್ಟು ಉದುರಿದ್ದು ಅರ್ಧ ಚೆಂಡು ದಾಟಿದೆ.

9 ಏಪ್ರಿಲ್, ಯುಗಾದಿ

ಬೇವು ಬೆಲ್ಲ ತಿಂದು ಕೂತು ಬರೆಯುತ್ತಿದ್ದೇನೆ. ಬರೆಯಲು ಸಿಹಿ ಏನಿಲ್ಲ. ಹೋದ ವಾರ ನರ್ಸರಿಯೊಂದರಲ್ಲಿ ಹುಡುಗ "ಸಾರ್, ಇದು ಹಾಕಿ, ಗಿಡ ಕಿತ್ಕೊಂಡು ಬರುತ್ತೆ" ಅಂತ ಬಿಳಿ ಹರಳಿನ ಪೊಟ್ಟಣ ಕೊಟ್ಟ. ಮೂಸಿ ನೋಡದೆ ಎರಡು ಹಿಡಿ ಹಾಕಿದೆ. ಅದು ಬರೀ ಯೂರಿಯಾ. ಗಿಡ ಕಿತ್ಕೊಂಡು ಬಂದದ್ದು ನಿಜ: ಹಸಿರು ಉಕ್ಕುವ ಉದ್ದುದ್ದ ಅಂಬು, ಅಂಗೈಯಗಲ ಎಲೆ, ಮೊಗ್ಗೇ ಇಲ್ಲ. ಇದ್ದ ಮೊಗ್ಗೂ ಸೊರಗಿದವು. ಚಿಗುರು ಮೊಗ್ಗಿನ ಪಾಲಿನ ಸಕ್ಕರೆಯನ್ನೂ ಎಳೆದುಕೊಂಡಿತು. ಕಿರಿಮಗನಿಗೆ ಮುದ್ದು ಜಾಸ್ತಿಯಾದ ಮನೆಯ ಹಾಗೆ. ಪಕ್ಕದವರ ರಂಗೂನ್ ಮಲ್ಲಿಗೆಗೆ ಯಾರೂ ಒಂದು ಹಿಡಿ ಗೊಬ್ಬರ ಹಾಕಿಲ್ಲ, ನೀರೂ ಇಲ್ಲ, ಕಾಂಪೌಂಡು ಕಾಣದಷ್ಟು ಗೊಂಚಲು. ಸಂಜೆ ಬಿಳಿ, ಮರುದಿನ ಗುಲಾಬಿ, ಆಮೇಲೆ ಕೆಂಪು. ನೋಡಿ ನೋಡಿ ಹೊಟ್ಟೆ ಉರಿಯುತ್ತದೆ.

24 ಏಪ್ರಿಲ್, ಬುಧವಾರ

ರಾತ್ರಿ ಕರಗ ನೋಡಲು ಹೋಗಿದ್ದೆ. ಇವಳು ಬರಲಿಲ್ಲ, ನೂಕುನುಗ್ಗಲು ಆಗದು. ಧರ್ಮರಾಯನ ಗುಡಿಯ ಹತ್ತಿರ ಗಲ್ಲಿಯ ಬಾಯಲ್ಲಿ ನಿಂತಿದ್ದೆ, ಮೂರು ಗಂಟೆ ನಿಂತರೂ ಕಾಲಿಗೆ ಗೊತ್ತಾಗಲಿಲ್ಲ. ಕರಗ ಬರುವ ಮೊದಲೇ ಅದರ ಪರಿಮಳ ಬಂತು. ತಲೆಯ ಮೇಲೆ ಗೋಪುರದಂತೆ ಮಲ್ಲಿಗೆ, ಸುತ್ತ ಕತ್ತಿ ಹಿಡಿದ ವೀರಕುಮಾರರು, ಮಹಡಿಗಳಿಂದ ಜನ ಹಿಡಿ ಹಿಡಿ ಮಲ್ಲಿಗೆ ಎರಚುತ್ತಿದ್ದರು. ಕರಗ ಹೊರುವ ತಿಗಳರು ಮೂಲತಃ ತೋಟಗಾರಿಕೆಯ ಜನ. ಒಂದು ಊರಿನ ದೊಡ್ಡ ಹಬ್ಬವನ್ನು ತೋಟ ಮಾಡುವವರು ಹೂವಿನಲ್ಲೇ ಹೊತ್ತು ನಡೆಸುವುದು ನನಗೆ ಪ್ರತಿ ಸಲವೂ ಸರಿಯೆನಿಸುತ್ತದೆ. ಬೆಳಗಿನ ಜಾವ ಬರುವಾಗ ಅಂಗಿಯ ಕಾಲರಿನಲ್ಲಿ ಒಂದು ಮೊಗ್ಗು ಸಿಕ್ಕಿಕೊಂಡಿತ್ತು. ತುಂಬಿದ, ಬೆಣ್ಣೆಯಂಥ ಮೊಗ್ಗು. ಮನೆಯಲ್ಲಿ ಬಿದ್ದವುಗಳ ಪಕ್ಕ ಇಟ್ಟು ನೋಡಿದೆ.

ಆಗಲೇ ಕಂಡದ್ದು: ನಮ್ಮಲ್ಲಿ ಬಿದ್ದವು ಎಲ್ಲ ಒಂದೇ ಥರ ಇಲ್ಲ. ಇಷ್ಟು ದಿನ ಎಣಿಸಿದೆನೇ ಹೊರತು ನೋಡಿರಲಿಲ್ಲ.

29 ಏಪ್ರಿಲ್, ಸೋಮವಾರ

ನಿನ್ನೆ ಬೆಂಗಳೂರಿನಲ್ಲಿ 38.5 ಡಿಗ್ರಿ. ಪಡುವಣದ ಗೋಡೆ ರಾತ್ರಿ ಒಂಬತ್ತಕ್ಕೂ ಕೈ ಇಟ್ಟರೆ ಬಿಸಿ. ಮಲ್ಲಿಗೆ ಬಿಸಿಲಿನ ಗಿಡವೇ, ಸೆಕೆ ಏರಿದಷ್ಟು ಹೂ ಕೊಡಬೇಕು. ಆದರೆ ಗೋಡೆಗೆ ಅಂಟಿಕೊಂಡ ಅಂಬಿಗೆ ಎರಡೂ ಕಡೆಯಿಂದ ಬೇಗೆ. ಮಧ್ಯಾಹ್ನ ಎಲೆ ತನ್ನ ರಂಧ್ರ ಮುಚ್ಚಿಕೊಂಡರೆ ಸಕ್ಕರೆ ತಯಾರಿಯೂ ನಿಂತಿತು. ಹಳೆಯ ಪಂಚೆಯೊಂದನ್ನು ಸಜ್ಜದಿಂದ ಇಳಿಬಿಟ್ಟು ನೆರಳು ಮಾಡಿದೆ. ಬೀದಿಯಲ್ಲಿ ಹೋಗುವವರು ನಮ್ಮ ಮನೆಯಲ್ಲಿ ಯಾರೋ ಪಂಚೆ ಒಣಗಿಸಲು ಜಾಗವಿಲ್ಲದೆ ಒದ್ದಾಡುತ್ತಿದ್ದಾರೆ ಅಂದುಕೊಂಡಿರಬೇಕು.

ಮುಖ್ಯ ವಿಷಯ ಬೇರೆ. ಐದು ದಿನದಿಂದ ಬಿದ್ದದ್ದನ್ನು ಎರಡು ತಟ್ಟೆಯಲ್ಲಿ ಬೇರೆ ಮಾಡುತ್ತಿದ್ದೇನೆ. ಒಂದರಲ್ಲಿ ಎಳೆಹಸಿರಿನವು, ತೊಟ್ಟಿನ ಸಮೇತ, ಕತ್ತರಿಯಲ್ಲಿ ತೆಗೆದಷ್ಟು ನಯವಾದ ತುದಿ. ಇವು ನೀರು, ಬಿಸಿಲು, ಯೂರಿಯಾದ ಲೆಕ್ಕಕ್ಕೆ. ಇನ್ನೊಂದರಲ್ಲಿ ನೇರಳೆ ಬಣ್ಣ ಹತ್ತಿದವು. ಬುಡ ಉಬ್ಬಿ, ತುದಿ ಮೊಂಡಾಗಿ, ಸಣ್ಣ ಈರುಳ್ಳಿಯ ಆಕಾರ. ನೇರಳೆಯದು ದಿನೇ ದಿನೇ ಹೆಚ್ಚುತ್ತಿದೆ: 6, 9, 14, 13, 22.

ಇವಳಿಗೆ ತೋರಿಸಿದೆ. ಕನ್ನಡಕ ಏರಿಸಿ ಒಂದು ಸಲ ನೋಡಿ, "ಇದು ಹುಳ ಬಿದ್ದದ್ದು. ನಮ್ಮಮ್ಮ ಇಂಥದ್ದನ್ನ ಗಿಡದಲ್ಲಿರುವಾಗಲೇ ಚಿವುಟಿ ಒಲೆಗೆ ಹಾಕ್ತಿದ್ದಳು" ಅಂದಳು. ಏಳು ವಾರದಿಂದ ನಾನು ಪುಸ್ತಕ ತುಂಬಿಸುವಾಗ ಯಾಕೆ ಹೇಳಲಿಲ್ಲ ಅಂದರೆ, "ನೀವು ಸಂಖ್ಯೆ ತೋರಿಸಿದ್ರಿ, ಮೊಗ್ಗು ತೋರಿಸಿದ್ರಾ?"

1 ಮೇ, ಬುಧವಾರ

ಹೊಲಿಗೆ ಸೂಜಿ, ಮಗಳ ಹಳೆಯ ಭೂತಗನ್ನಡಿ, ಕಪ್ಪು ಡೈರಿಯ ರಟ್ಟು. ಕಿಟಕಿಯ ಬೆಳಕಿನಲ್ಲಿ ಕೂತು ನೇರಳೆ ಮೊಗ್ಗೊಂದರ ಹೊಟ್ಟೆ ಸೀಳಿದೆ. ದಳಗಳು ಇನ್ನೂ ಒಂದರ ಮೇಲೊಂದು ಸುತ್ತಿಕೊಂಡೇ ಇದ್ದವು, ಆದರೆ ಒಳಗಡೆ ಕಂದಿ, ಲೋಳೆಯಾಗಿ, ಕೊಳೆತ ಸೌತೆಕಾಯಿಯ ವಾಸನೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಲೋಳೆಯೇ ಅಲುಗಾಡಿತು. ರವೆಯ ಕಾಳಿಗಿಂತ ಸ್ವಲ್ಪ ಉದ್ದ, ಬಿಳಿ, ತಲೆಯೇ ಇಲ್ಲದಂಥ ಹುಳುಗಳು. ಎಣಿಸಿದೆ, ಎಂಟು. ಸೂಜಿಯ ಮೊನೆಯಲ್ಲಿ ಒಂದನ್ನು ರಟ್ಟಿನ ಮೇಲೆ ಇಟ್ಟೆ. ಸುಮ್ಮನೆ ಬಿದ್ದಿತ್ತು. ನಿಧಾನಕ್ಕೆ ತಲೆ ಬಾಲ ಕೂಡುವ ಹಾಗೆ ಬಾಗಿ ಉಂಗುರವಾಯಿತು. ನೋಡುನೋಡುತ್ತಿದ್ದಂತೆ, ಟಕ್! ಇಲ್ಲ. ರಟ್ಟಿನಿಂದ ಎರಡು ಮೂರು ಇಂಚು ಆಚೆ, ನನ್ನ ಲುಂಗಿಯ ಮೇಲೆ. ಕಾಲಿಲ್ಲದ ಜೀವಿ ನೆಗೆಯಿತು!

ಸಂಜೆ ಇವಳ ಅಣ್ಣನ ಮಗನಿಗೆ ಫೋಟೋ ಕಳಿಸಿದೆ, ಅವನು ಫೋನಿನಲ್ಲಿ ಹೇಳಿದ: ಇದು ನೊಣದ ಸಂಸಾರದ್ದು, ಸೊಳ್ಳೆಗಿಂತ ಚಿಕ್ಕ ನೊಣ. ಹೆಸರು ಕಾಂಟಾರಿನಿಯಾ ಮ್ಯಾಕುಲಿಪೆನ್ನಿಸ್. ಮ್ಯಾಕುಲಿಪೆನ್ನಿಸ್ ಅಂದರೆ ಚುಕ್ಕೆ ರೆಕ್ಕೆಯದು. ಹವಾಯಿಯಲ್ಲಿ ಇದೇ ನೊಣ ಅವರ ಮಲ್ಲಿಗೆಗೂ ಆರ್ಕಿಡ್ ಮೊಗ್ಗಿಗೂ ಕಾಟ ಕೊಡುತ್ತದಂತೆ. ಹೆಣ್ಣು ನೊಣ ಎಳೆ ಮೊಗ್ಗಿನ ತುದಿಯ ಸಂದಿಯಲ್ಲಿ ಮೊಟ್ಟೆ ಇಡುತ್ತದೆ, ಒಂದೇ ದಿನದಲ್ಲಿ ಮರಿ. ಮರಿ ಒಳಗೆ ನುಗ್ಗಿ ಐದಾರು ದಿನ ತಿನ್ನುತ್ತದೆ, ಮೊಗ್ಗು ಉಬ್ಬಿ ಬಣ್ಣ ಕೆಡುತ್ತದೆ, ಆಕ್ಸಿನ್ ನಿಲ್ಲುತ್ತದೆ, ಗಿಡ ಕತ್ತರಿಸಿ ಹಾಕುತ್ತದೆ. ಆಮೇಲೆ ಹುಳು ಹೊರಗೆ ಬಂದು, ನಾನು ಕಂಡ ಹಾಗೆ ನೆಗೆದು, ಮಣ್ಣು ಸೇರುತ್ತದೆ. ಎರಡು ಮೂರು ವಾರ ಮಣ್ಣಿನಲ್ಲಿ ಕೋಶವಾಗಿ ಮಲಗಿ, ನೊಣವಾಗಿ ಎದ್ದು ಮೇಲಿನ ಮೊಗ್ಗಿಗೆ. ಒಟ್ಟು ಮೂರು ನಾಲ್ಕು ವಾರದ ಸುತ್ತು.

"ಬಿದ್ದ ಮೊಗ್ಗನ್ನ ಏನು ಮಾಡ್ತೀರಾ ಮಾವ?"

ಹೇಳಿದೆ. ಆ ಕಡೆ ಎರಡು ಕ್ಷಣ ಮಾತಿಲ್ಲ. ಆಮೇಲೆ ಅವನು ನಗುವುದು ಕೇಳಿಸಿತು.

ಏಳು ವಾರ. ದಿನಾ ಬೆಳಿಗ್ಗೆ ಒಂದೂ ಬಿಡದೆ ಆರಿಸಿ, ಎಣಿಸಿ, ಬುಡಕ್ಕೆ ಹಾಕಿ, ಮೇಲೆ ತೆಂಗಿನ ನಾರು ಹೊದಿಸಿ, ಸಂಜೆ ತಂಪಾಗಿ ಮೂರು ಚೊಂಬು ನೀರು. ಇದಕ್ಕಿಂತ ಮುತುವರ್ಜಿಯಿಂದ ಯಾವ ಸೂಲಗಿತ್ತಿಯೂ ನೋಡಿಕೊಂಡಿರಲಾರಳು. ಮಾರ್ಚಿನಲ್ಲಿ ಒಂದೋ ಎರಡೋ ಇದ್ದಿರಬೇಕು. ನಾನು ಠೇವಣಿ ಇಟ್ಟೆ, ಬಡ್ಡಿ ಸಮೇತ ಬಂತು.

2 ಮೇ, ಗುರುವಾರ

ಔಷಧಿ ಹೊಡೆಯುವುದಿಲ್ಲ ಎಂದು ನಿರ್ಧಾರ. ಮುಡಿಗೆ, ದೇವರಿಗೆ ಹೋಗುವ ಹೂವು, ಮೊಮ್ಮಗಳು ಬಂದರೆ ಬಾಯಿಗೂ ಹೋಗುತ್ತದೆ. ನಾರು ಎತ್ತಿ ಬಿಸಿಲಿಗೆ ಹಾಕಿದೆ. ಬುಡದ ಮಣ್ಣನ್ನು ನಾಲ್ಕು ಬೆರಳು ಆಳ ಕೆದಕಿ ಒಣಗಲು ಬಿಟ್ಟೆ, ಸಂಜೆ ಎರಡು ಸೇರು ಬೇವಿನ ಹಿಂಡಿ ಬೆರೆಸಿದೆ. ಮೇಲೆ ಹಳೆಯ ಫ್ಲೆಕ್ಸ್ ಹಾಸಿದ್ದೇನೆ, ನೀರು ಹೋಗಲು ಒಂದು ಪೈಪಿನ ತುಂಡು ನೆಟ್ಟು. ಚುನಾವಣೆಗೆ ಕಟ್ಟಿದ್ದ ಫ್ಲೆಕ್ಸು ಅದು. ಅಭ್ಯರ್ಥಿಯ ಮುಖ ಮಣ್ಣಿನ ಕಡೆಗೆ ಮಾಡಿದ್ದೇನೆ. ಹುಳು ಎದ್ದರೆ ಮೊದಲು ಅವರ ದರ್ಶನವಾಗಲಿ.

ನೇರಳೆ ಮೊಗ್ಗನ್ನು ಬೀಳುವ ತನಕ ಕಾಯದೆ ಗಿಡದಲ್ಲೇ ಚಿವುಟಿ, ಅತ್ತೆಯ ಪದ್ಧತಿಯಂತೆ ಒಲೆಗೆ ಹಾಕೋಣವೆಂದರೆ ಒಲೆಯಿಲ್ಲ, ಗ್ಯಾಸು. ಹಾರ್ಲಿಕ್ಸ್ ಬಾಟಲಿಗೆ ತುಂಬಿ ಮುಚ್ಚಳ ಬಿಗಿದು ತಾರಸಿಯ ಬಿಸಿಲಿಗೆ ಇಟ್ಟಿದ್ದೇನೆ.

7 ಮೇ, ಮಂಗಳವಾರ

ನಿನ್ನೆ ಸಂಜೆ ಜೋರು ಮಳೆ. ಗುಡುಗು, ಕರೆಂಟು ಇಲ್ಲ, ಎಲ್ಲೆಲ್ಲೂ ಮರ ಬಿದ್ದ ಸುದ್ದಿ. ಇವಳೂ ನಾನೂ ಬಾಗಿಲಲ್ಲಿ ನಿಂತು ಮಣ್ಣಿನ ವಾಸನೆ ಕುಡಿದೆವು. ಬೆಳಿಗ್ಗೆ ಮೊಗ್ಗು ಹರಡಿ ಬಿದ್ದಿತ್ತು, ಆದರೆ ಇದು ಮಳೆಯ ಹೊಡೆತಕ್ಕೆ ಹರಿದದ್ದು: ತೊಟ್ಟಿನಲ್ಲಿ ನಾರು ಜಗ್ಗಿದ ಗುರುತು. ಇದನ್ನು ಪುಸ್ತಕದಲ್ಲಿ ಸೇರಿಸಲಿಲ್ಲ.

16 ಮೇ, ಗುರುವಾರ

ಮಲ್ಲಿಗೆ ಸುಧಾರಿಸಿತು ಅನ್ನುವಷ್ಟರಲ್ಲಿ ವರಾಂಡದಲ್ಲಿ ಇನ್ನೊಂದು ರಗಳೆ. ಮಗಳು ಎರಡು ವರ್ಷದ ಹಿಂದೆ ಕೊಟ್ಟ ಹೋಯಾ ಬಳ್ಳಿ, ದಪ್ಪ ಎಲೆಯದು, ಮೊದಲ ಸಲ ಮೊಗ್ಗು ಕಟ್ಟಿತ್ತು. ಕೊಡೆ ಬಿಡಿಸಿದ ಹಾಗೆ ಒಂದು ಗೊಂಚಲು, ಮೇಣದಲ್ಲಿ ಎರಕ ಹೊಯ್ದಂಥ ಇಪ್ಪತ್ತೆರಡು ಪುಟ್ಟ ನಕ್ಷತ್ರ. ಸೋಮವಾರ ನೋಡಿದೆ, ಹಳದಿಗೆ ತಿರುಗಿದ್ದವು. ಇವತ್ತು ಒಂದೂ ಇಲ್ಲ. ಹುಳುವಿಲ್ಲ, ಸೀಳಿ ನೋಡಿದೆ.

ಆಮೇಲೆ ಮೂಗಿಗೆ ಬಂತು. ಹೋದ ವಾರ ತಂದ ಎರಡು ಡಬ್ಬ ಬಾದಾಮಿ ಮಾವಿನಕಾಯಿ, ಹುಲ್ಲಿನಲ್ಲಿ ಅಡೆ ಹಾಕಿ, ಹೋಯಾ ಕುಂಡದ ಕೆಳಗೇ ಇಟ್ಟಿದ್ದೇನೆ. ಸೊಳ್ಳೆಗೆಂದು ಕಿಟಕಿಯೆಲ್ಲ ಮುಚ್ಚಿದೆ. ಮಾವು ಹಣ್ಣಾಗುವಾಗ ಬಿಡುವ ಅನಿಲ ಇದೇ ಎಥಿಲೀನ್. ಡಬ್ಬದಲ್ಲಿ ಒಂದು ಹಣ್ಣಾದರೆ ಉಳಿದವೂ ಹಣ್ಣಾಗುವುದು ಅದರಿಂದಲೇ. ಮಂಡಿಗಳಲ್ಲಿ ಕಾರ್ಬೈಡ್ ನಿಷೇಧವಾದ ಮೇಲೆ ಹಣ್ಣು ಮಾಡಲು ಅನುಮತಿ ಇರುವುದೂ ಇದೇ ಅನಿಲಕ್ಕೆ. ಮಾವಿಗೆ "ಹಣ್ಣಾಗು" ಅನ್ನುವ ಅದೇ ಅನಿಲ ಮೊಗ್ಗಿನ ತೊಟ್ಟಿಗೆ "ಬಿಡು" ಅನ್ನುತ್ತದೆ.

ಇದನ್ನು ಮೊದಲು ಪತ್ತೆಮಾಡಿದ ಕಥೆ ಚೆನ್ನಾಗಿದೆ. ಯುರೋಪಿನ ಊರುಗಳಲ್ಲಿ ಗ್ಯಾಸ್ ದೀಪದ ಕೊಳವೆ ಸೋರಿದ ಕಡೆ ಬೀದಿ ಮರಗಳು ಅಕಾಲದಲ್ಲಿ ಎಲೆ ಉದುರಿಸುತ್ತಿದ್ದವಂತೆ. 1901ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ನೆಲ್ಯುಬೋವ್ ಎಂಬ ವಿದ್ಯಾರ್ಥಿ ತನ್ನ ಪ್ರಯೋಗಶಾಲೆಯ ಬಟಾಣಿ ಸಸಿ ಸೊಟ್ಟಗೆ ಬೆಳೆಯುವುದು ಕಂಡು, ಹೊರಗಿನ ಗಾಳಿಗೆ ಇಟ್ಟರೆ ನೆಟ್ಟಗಾಗುವುದು ಕಂಡು, ಕೊನೆಗೆ ದೀಪದ ಗ್ಯಾಸಿನಲ್ಲಿದ್ದ ಎಥಿಲೀನನ್ನು ಹಿಡಿದುಕೊಟ್ಟ. ನಮ್ಮ ಊರಿಗೆ 1905ರಲ್ಲಿ ಶಿವನಸಮುದ್ರದ ವಿದ್ಯುತ್ತೇ ಬೀದಿ ದೀಪಕ್ಕೆ ಬಂತು. ಇಲ್ಲಿನ ಮರಗಳಿಗೆ ಆ ಕಾಟ ತಪ್ಪಿತು.

ಇವಳ ವಾದ ಬೇರೆ. "ಮಗಳಿಗೆ ಫೋಟೋ ಕಳಿಸ್ಬೇಕು ಅಂತ ಶನಿವಾರ ಕುಂಡ ಗಿರಗಿರ ತಿರುಗಿಸಿದ್ರಲ್ಲ, ಅದಕ್ಕೇ." ಮೊಗ್ಗು ಬಂದ ಮೇಲೆ ಹೋಯಾದ ಜಾಗ, ಬೆಳಕಿನ ದಿಕ್ಕು ಬದಲಿಸಬಾರದು ಅಂತ ಬೆಳೆಸುವವರೆಲ್ಲ ಹೇಳುತ್ತಾರೆ, ನಿಜ. ಎರಡೂ ತಪ್ಪನ್ನು ಒಂದೇ ವಾರದಲ್ಲಿ ಮಾಡಿದ್ದರಿಂದ ಯಾವುದಕ್ಕೆ ಖರ್ಚು ಬರೆಯುವುದು ತಿಳಿಯುತ್ತಿಲ್ಲ. ಅನಾಮತ್ತು ಖಾತೆಗೆ ಹಾಕಿದ್ದೇನೆ. ಗೊಂಚಲಿನ ಬೋಳು ತೊಟ್ಟನ್ನು ಮಾತ್ರ ಕತ್ತರಿಸಿಲ್ಲ. ಹೋಯಾ ಮುಂದಿನ ಸಲವೂ ಅದೇ ತೊಟ್ಟಿನಲ್ಲಿ ಮೊಗ್ಗು ಬಿಡುತ್ತದೆ.

ಮಾವಿನ ಡಬ್ಬ ಮಹಡಿಯ ಕೋಣೆಗೆ ಹೋಯಿತು. ಹಣ್ಣು ಚೆನ್ನಾಗಿದೆ.

26 ಮೇ, ಭಾನುವಾರ

ಹಿಂಡಿ ಹಾಕಿ ಮೂರೂವರೆ ವಾರ. ಹಸಿರು 7, ನೇರಳೆ 2. ನಿನ್ನೆ ಇವಳು ಬೆಳಿಗ್ಗೆ ಆರಕ್ಕೇ ಸ್ಟೂಲ್ ಹಾಕಿ ಬಿಡಿಸಿದಳು. ಎರಡು ಮೊಳ ಆಯಿತು, ಅಳೆದದ್ದು ನನ್ನ ಮೊಳಕೈ. ಒಂದು ಮೊಳ ಪಕ್ಕದ ಅಜ್ಜಿಗೆ. ಅಜ್ಜಿ ಹೂವು ಕಣ್ಣಿಗೊತ್ತಿಕೊಂಡು, "ನಾನು ಹೇಳಿದ್ದು ಕೇಳಿದ್ರಲ್ಲ, ಈಗ ನೋಡಿ" ಅಂದರು. ಏನು ಹೇಳಿದ್ದರು, ನಾವು ಏನು ಕೇಳಿದೆವು, ಇಬ್ಬರೂ ವಿಚಾರಿಸಲಿಲ್ಲ.

3 ಜೂನ್, ಸೋಮವಾರ

ನಿನ್ನೆ ಒಂದೇ ದಿನ 111 ಮಿಲಿಮೀಟರ್ ಮಳೆ, ಜೂನ್ ತಿಂಗಳ ಒಂದು ದಿನಕ್ಕೆ ದಾಖಲೆಯಂತೆ. ಮಾರ್ಚಿನಲ್ಲಿ ಚೊಂಬು ಲೆಕ್ಕ ಹಾಕಿದ ಊರು ಇದೇನಾ ಅನಿಸಿತು. ಫ್ಲೆಕ್ಸ್ ತೇಲಿ ಗೇಟಿನ ತನಕ ಹೋಗಿತ್ತು, ಅಭ್ಯರ್ಥಿ ಈಗ ಆಕಾಶ ನೋಡುತ್ತಿದ್ದರು. ನಾಳೆ ಮತ ಎಣಿಕೆ.

ಬುಡದಲ್ಲಿ ನೀರು ನಿಲ್ಲದಂತೆ ಕಾಲುವೆ ತೆಗೆದೆ. ಬೇರು ಉಸಿರುಗಟ್ಟಿದರೂ ಮೊಗ್ಗು ಬೀಳುತ್ತದೆ, ಅದೊಂದು ಬಾಕಿ ಇತ್ತು. ಪೈಪಿಗೆ ಸುತ್ತಿದ ತುದಿಯಲ್ಲಿ ಮೂರು ಮೊಗ್ಗು, ಮೂರೂ ಬೆಳ್ಳಗೆ.

ಇವಳಿಗೆ ಉಪ್ಪಿನಕಾಯಿ ತುಂಬಲು ಹಾರ್ಲಿಕ್ಸ್ ಬಾಟಲಿ ಬೇಕಂತೆ. ತಾರಸಿಗೆ ಹೋಗಿ ನೋಡಿದೆ. ಒಳಗೆ ಮೊಗ್ಗೆಲ್ಲ ಸುಟ್ಟ ಚಹಾಪುಡಿಯ ಹಾಗಾಗಿದೆ. ಅದನ್ನು ಏನಕ್ಕೆ ತುಂಬಿದ್ದೆ ಅಂತ ಅವಳಿಗೆ ಇನ್ನೂ ಹೇಳಿಲ್ಲ. ಬಿಸಿನೀರಿನಲ್ಲಿ ಎರಡು ಸಲ ತೊಳೆದು ಕೊಡಬೇಕು.